ರೇಡಿಯೋ ಅಕ್ಕನ ಕೈಮಾತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳಿಗೆ ಅಳು ಬಂದುಬಿಟ್ಟಿತ್ತು. ಆಗ ಅವಳಿಗೆ ಇಪ್ಪತ್ತಾರು ವರ್ಷ. ಕೆಲಸ ಕಷ್ಟವೆಂದು ಅತ್ತದ್ದಲ್ಲ; ಮೈಮುರಿದು ದುಡಿಯುವುದು ಅವಳಿಗೆ ಹೊಸದೇನಲ್ಲ. ಆದರೆ ಆರು ತೊಳೆಯುವ ಯಂತ್ರ, ಎರಡು ಹಿಂಡುವ ಯಂತ್ರ, ಗೋಡೆಯುದ್ದಕ್ಕೂ ಚಾಚಿಕೊಂಡ ಉರುಳೆ ಇಸ್ತ್ರಿ ಎಲ್ಲವೂ ಒಟ್ಟಿಗೆ ಓಡತೊಡಗಿದರೆ, ಪಕ್ಕದಲ್ಲಿ ನಿಂತವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಎಂಟು ಗಂಟೆ ಹೊತ್ತು ಮಾತಿಲ್ಲದೆ ಇರುವುದು ಹೇಗೆ? ಮಾತಾಡದಿದ್ದರೆ ತಿಂದ ಅನ್ನ ಅರಗದ ಹೆಣ್ಣು ಅವಳು.

ಅಲ್ಲಿದ್ದ ಹದಿನಾಲ್ಕು ಹೆಂಗಸರ ನಡುವೆ ಏಳೆಂಟು ಕೈಸನ್ನೆಗಳು ಮೊದಲೇ ಇದ್ದವು. ನಿಲ್ಲಿಸು, ಎತ್ತು, ಊಟ, ನೀರು, ಇಷ್ಟೇ. ಅವಳು ಬಂದ ವರ್ಷದೊಳಗೆ ಅವು ನೂರಾದವು. ಹರಿದ ಬಟ್ಟೆಗೆ ಎರಡು ಬೆರಳ ಕತ್ತರಿ. ಹೋಗದ ಕಲೆಗೆ ಕೆನ್ನೆಯ ಮೇಲೊಂದು ಚುಕ್ಕಿ. ಕಿವಿ ಹಿಡಿದೆಳೆದರೆ ಮೇಲ್ವಿಚಾರಕರು ಬರುತ್ತಿದ್ದಾರೆ ಎಂದು. ಪಾಪ, ಅವರ ಕಿವಿಗಳು ಸ್ವಲ್ಪ ದೊಡ್ಡವು. ಅತ್ತೆಗೊಂದು ಸನ್ನೆ, ಕುಡಿದು ಬಂದ ಗಂಡನಿಗೊಂದು ಸನ್ನೆ, ಪರೀಕ್ಷೆಯಲ್ಲಿ ಪಾಸಾದ ಮಗಳಿಗೊಂದು. ಬೆಳಿಗ್ಗೆ ಬಾಗಿಲ ಬಳಿ ಹುಟ್ಟಿದ ಸುದ್ದಿ ಹಬೆಯ ಮಧ್ಯೆ ಕೈಯಿಂದ ಕೈಗೆ ಹಾರಿ, ಹತ್ತು ಗಂಟೆಯ ಹೊತ್ತಿಗೆ ಕೊನೆಯ ಮೇಜಿನಲ್ಲಿ ಬಟ್ಟೆ ಮಡಚುವವಳನ್ನು ನಗಿಸುತ್ತಿತ್ತು. ಯಂತ್ರಗಳು ನಿಂತ ಊಟದ ಹೊತ್ತಿನಲ್ಲಂತೂ ಅವಳ ಬಾಯಿಗೆ ಬಿಡುವೇ ಇಲ್ಲ. ಹಾಗಾಗಿ ರೇಡಿಯೋ ಅಕ್ಕ ಎಂಬ ಹೆಸರು ಬಿತ್ತು. ಅವಳನ್ನು ಕರೆಯುವ ಸನ್ನೆಯೂ ಅದೇ: ಕಿವಿಯ ಹತ್ತಿರ ಗುಂಡಿ ತಿರುಗಿಸಿದ ಹಾಗೆ ಎರಡು ಬೆರಳು ತಿರುಗಿಸುವುದು.

ಬರೀ ಹರಟೆಗಷ್ಟೇ ಈ ಕೈಮಾತು ಬಳಕೆಯಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಹಿಂಡುವ ಯಂತ್ರದ ಕೆಲಸದವಳು ಒಂದು ದಿನ ಊದಿದ ಮುಖ ಹೊತ್ತು ಬಂದಳು. ಬಾಗಿಲ ಬಳಿ ಎಲ್ಲರೂ ಕೇಳಿದರು. ಮೆಟ್ಟಿಲಿಂದ ಜಾರಿದೆ ಎಂದಳು. ಯಂತ್ರಗಳು ಶುರುವಾದ ಮೇಲೆ ರೇಡಿಯೋ ಅಕ್ಕ ದೂರದಿಂದ ಕೈಯಲ್ಲೇ ಇನ್ನೊಮ್ಮೆ ಕೇಳಿದಳು. ಬಾಯಲ್ಲಿ ಹೇಳಲಾಗದ್ದನ್ನು ಆಕೆ ಕೈಯಲ್ಲಿ ಹೇಳಿದಳು. ಆ ಸನ್ನೆ ಸಾಲಿನಿಂದ ಸಾಲಿಗೆ ದಾಟಿತು. ಯಾರೂ ಕೆಲಸ ನಿಲ್ಲಿಸಲಿಲ್ಲ, ಯಾರೂ ಆಕೆಯ ಕಡೆ ತಿರುಗಿ ನೋಡಲಿಲ್ಲ. ಸಂಜೆ ಕೆಲಸ ಮುಗಿದಾಗ ಉಳಿದವರೆಲ್ಲ ಆಕೆಯ ಜೊತೆ ಅವಳ ಮನೆಗೇ ನಡೆದರು. ಗಂಡ ಬಾಗಿಲಲ್ಲಿ ನಿಂತಿದ್ದ. ಅವನ ಮುಂದೆ ಯಾರೂ ಸೊಲ್ಲೆತ್ತಲಿಲ್ಲ. ಆಕೆ ಒಳಗೆ ಹೋಗಿ ಎರಡು ಚೀಲ ತುಂಬಿಕೊಂಡು, ಮಗುವನ್ನು ಎತ್ತಿಕೊಂಡು ಬರುವ ತನಕ ಅಂಗಳದಲ್ಲಿ ಸುಮ್ಮನೆ ನಿಂತರು, ಅಷ್ಟೇ. ದಾರಿ ಬಿಡದೆ ಅವನಿಗೆ ಗತಿ ಇರಲಿಲ್ಲ. ಆಕೆ ಎಂಟು ತಿಂಗಳು ರೇಡಿಯೋ ಅಕ್ಕನ ಮನೆಯ ನಡುಕೋಣೆಯಲ್ಲಿದ್ದಳು. ಆಮೇಲೆ ಬೇರೆ ಮನೆ ಮಾಡಿದಳು.

ಇಷ್ಟೆಲ್ಲ ಇದ್ದವಳು ತನ್ನ ಸ್ವಂತ ನಾದಿನಿಯ ವಿಷಯದಲ್ಲಿ ಎಡವಿದಳು.

ನಾದಿನಿ ಎಂದರೆ ಗಂಡನ ಕಿರಿಯ ತಂಗಿ. ಅದೇ ಮನೆಯ ಮಹಡಿಯ ಕೋಣೆಯಲ್ಲಿ ಇದ್ದಳು. ಅತ್ತಿಗೆಯೇ ಕೈಹಿಡಿದು ಅವಳನ್ನು ಲಾಂಡ್ರಿಗೆ ಸೇರಿಸಿದ್ದಳು. ಆಸ್ಪತ್ರೆಯ ಲಿಫ್ಟ್ ರಿಪೇರಿಯವನೊಬ್ಬ ನಾದಿನಿಯನ್ನು ಇಷ್ಟಪಟ್ಟಿದ್ದ. ಮದುವೆಯ ಮಾತೂ ನಡೆದಿತ್ತು. ಹಿಂದೆ ಒಬ್ಬನನ್ನು ನಂಬಿ ಮೋಸಹೋದ ಕಥೆಯನ್ನು ನಾದಿನಿ ಅತ್ತಿಗೆಯೊಬ್ಬಳಿಗೇ ಹೇಳಿಕೊಂಡಿದ್ದಳು. ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಎಲ್ಲರನ್ನೂ ನಗಿಸುವ ಭರದಲ್ಲಿ ಅದು ಅತ್ತಿಗೆಯ ಬಾಯಿಂದ ಜಾರಿತು. ಲಿಫ್ಟಿನವನು ಬಾಗಿಲಲ್ಲೇ ನಿಂತಿದ್ದ. ವಾರದೊಳಗೆ ಅವನು ಬೇರೆ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡು ಹೋದ.

ನಾದಿನಿ ಜಗಳವಾಡಲಿಲ್ಲ. ಮಾತು ಬಿಟ್ಟಳು. ನಾಲ್ಕು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದರೂ ಅತ್ತಿಗೆಯ ಜೊತೆ ಒಂದು ಅಕ್ಷರ ಆಡಲಿಲ್ಲ. ಆದರೆ ಲಾಂಡ್ರಿಯಲ್ಲಿ ಇಬ್ಬರಿಗೂ ಉರುಳೆ ಇಸ್ತ್ರಿಯ ಹತ್ತಿರವೇ ಕೆಲಸ. ದೊಡ್ಡ ಹಾಸುಬಟ್ಟೆಯನ್ನು ಒಬ್ಬಳೇ ಮಡಚಲಾಗುವುದಿಲ್ಲ. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿಯಬೇಕು; ಎಳಿ, ಬಿಡು, ತಿರುಗಿಸು ಎನ್ನಬೇಕು. ಹೀಗೆ ಮನೆಯಲ್ಲಿ ಮುಖ ತಿರುಗಿಸಿಕೊಂಡವರು ಕೆಲಸದಲ್ಲಿ ದಿನಕ್ಕೆ ಮುನ್ನೂರು ಸಲ ಎದುರುಬದುರು ನಿಂತು ಕೈಯಲ್ಲಿ ಮಾತಾಡಿದರು. ಇನ್ನೊಬ್ಬಳ ಬೆರಳು ಅಲುಗುವ ಮೊದಲೇ ಏನು ಹೇಳುತ್ತಾಳೆಂದು ಇಬ್ಬರಿಗೂ ತಿಳಿಯುತ್ತಿತ್ತು.

ನಲವತ್ತೆರಡನೆಯ ವಯಸ್ಸಿನಲ್ಲಿ ರೇಡಿಯೋ ಅಕ್ಕನ ದನಿ ಕಟ್ಟಿತು. ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ ಎಂದು ಹೆಂಗಸರು ಛೇಡಿಸಿದರು. ಅವಳೂ ನಕ್ಕಳು. ಮೂರು ತಿಂಗಳಾದರೂ ದನಿ ಬಿಡದಿದ್ದಾಗ, ಹಿಂಡುವ ಯಂತ್ರದವಳೇ ಅವಳನ್ನು ದರದರನೆ ಎಳೆದುಕೊಂಡು ಮೇಲಿನ ಅಂತಸ್ತಿನ ಗಂಟಲು ಡಾಕ್ಟರ ಮುಂದೆ ಕೂರಿಸಿದಳು. ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್. ಅದನ್ನು ಪೂರ್ತಿ ತೆಗೆಯಬೇಕು. ಕತ್ತಿನಲ್ಲೊಂದು ರಂಧ್ರ ಮಾಡುತ್ತಾರೆ, ಉಸಿರಾಟ ಅದರಿಂದಲೇ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

“ಅಂದ್ರೆ, ಸ್ವಲ್ಪನೂ?” ಎಂದು ಕೇಳಿದಳು ಅಕ್ಕ.

“ಇಲ್ಲಮ್ಮ,” ಎಂದರು ಡಾಕ್ಟರು. ಸುಳ್ಳು ಹೇಳದಿದ್ದದ್ದು ಅವರ ದೊಡ್ಡತನ.

ಆಪರೇಷನ್ನಿನ ಹಿಂದಿನ ಸಂಜೆ ಲಾಂಡ್ರಿಯ ಹೆಂಗಸರೆಲ್ಲ ವಾರ್ಡಿಗೆ ಬಂದರು. ಮಂಚದ ಸುತ್ತ ನಿಂತು ಏನೇನೋ ತಮಾಷೆ ಮಾಡಿದರು, ಹಾಸುಬಟ್ಟೆಯ ಮಡಿಕೆ ಸರಿಯಿಲ್ಲವೆಂದು ಇನ್ನೊಮ್ಮೆ ಹಾಸಿದರು, ಕಣ್ಣೊರೆಸಿಕೊಂಡು ಹೋದರು. ಎಲ್ಲರೂ ಹೋದ ಮೇಲೆ ನಾದಿನಿ ಬಂದಳು. ಕಾಲ ಬುಡದಲ್ಲಿ ನಿಂತಳು.

“ಬಾ, ಕೂತ್ಕೋ,” ಎಂದಳು ಅಕ್ಕ, ಸೀಳಿದ ದನಿಯಲ್ಲಿ. “ನಾಳೆ ಇಷ್ಟೊತ್ತಿಗೆ ಹೇಳ್ಬೇಕು ಅಂದ್ರೂ ಆಗಲ್ಲ. ಅವತ್ತು ನಾನು ಆಡಿದ್ದು ತಮಾಷೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳ್ಕೊಂಡೆ. ತಮಾಷೆ ಅಲ್ಲ ಅದು. ನೀನು ನಂಬಿ ಹೇಳಿದ್ದನ್ನ ನಾಲ್ಕು ಜನ ನಗಲಿ ಅಂತ ಹರಾಜಿಗಿಟ್ಟೆ. ತಪ್ಪಾಯ್ತು ಕಣೇ.”

ನಾದಿನಿ ಹಾಸುಬಟ್ಟೆಯ ಅಂಚನ್ನು ಎಳೆದು ಸರಿಮಾಡಿದಳು. ಆಮೇಲೆ ಮಂಚದ ಅಂಚಿಗೆ ಕೂತಳು.

“ಇದನ್ನ ಹೇಳೋಕೆ ಗಂಟಲು ಹೋಗೋ ತನಕ ಕಾಯ್ಬೇಕಿತ್ತಾ ಅತ್ತಿಗೆ?” ಎಂದಳು.

ನಾಲ್ಕು ವರ್ಷಗಳಲ್ಲಿ ಅವಳಾಡಿದ ಮೊದಲ ಮಾತು ಅದು. ಅಕ್ಕನಿಗೆ ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ನಾದಿನಿ ಬೆನ್ನು ನೀವುತ್ತ ಕೂತಳು. ನರ್ಸ್ ಬಂದು ಹೊರಡಿ ಎನ್ನುವವರೆಗೂ ಅಕ್ಕ ಮಾತಾಡಿದಳು. ಏನೇನು ಮಾತಾಡಿದಳೆಂಬುದನ್ನು ನಾದಿನಿ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆಯೇ ಅಕ್ಕ ಕುಸಿದದ್ದು. ಗಂಡ ಬಸ್ ಡ್ರೈವರ್, ಒಳ್ಳೆಯ ಮನುಷ್ಯ. ಆದರೆ ಸನ್ನೆಯ ವಿಷಯದಲ್ಲಿ ಶುದ್ಧ ಮೊದ್ದು. ನೀರು ಕೇಳಿದರೆ ಕೊಡೆ ತಂದುಕೊಡುತ್ತಿದ್ದ. ಮಗಳು ಒಂದು ನೋಟುಬುಕ್ಕು ಕೊಟ್ಟಳು. ಅಕ್ಕ ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ಉಳಿದವರ ಮಾತು ಎಲ್ಲಿಗೋ ಹೋಗಿರುತ್ತಿತ್ತು. ನೋಡಲು ಬಂದ ನೆರೆಮನೆಯವರು ಅವಳಿಗೆ ಕಿವಿಯೂ ಕೇಳುವುದಿಲ್ಲವೇನೋ ಎಂಬಂತೆ ಕೂಗಿ ಮಾತಾಡುತ್ತಿದ್ದರು. ಅವಳು ನೋಟುಬುಕ್ಕು ಮಡಚಿಟ್ಟು, ಬಾಗಿಲು ತಟ್ಟಿದರೂ ಏಳದೆ, ಗೋಡೆಗೆ ಮುಖಮಾಡಿ ಮಲಗತೊಡಗಿದಳು.

ಒಂದು ಸಂಜೆ ನಾದಿನಿ ಮಹಡಿಯಿಂದ ಇಳಿದು ಬಂದು ಅವಳೆದುರು ಸ್ಟೂಲ್ ಎಳೆದುಕೊಂಡು ಕೂತಳು. ಹಾಸುಬಟ್ಟೆಯ ಆ ತುದಿಯಲ್ಲಿ ನಿಂತಂತೆಯೇ ಕೈಯೆತ್ತಿ ಕೇಳಿದಳು: ಏನಾಗ್ತಿದೆ? ಅಕ್ಕನ ಕೈಗಳು ತಾವಾಗಿಯೇ ಎದ್ದವು. ಒಂದು ತಿಂಗಳು ಒಳಗೇ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬಂತು. ನೋವು, ಭಯ, ಮಗಳ ಮುಂದಿನ ಓದು, ಗಂಡ ಮಾಡುವ ಉಪ್ಪಿಲ್ಲದ ಸಾರು. ಗಂಡ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದ.

“ಏನಂತೆ?” ಎಂದು ತಂಗಿಯನ್ನು ಕೇಳಿದ.

“ಇನ್ನು ಮೇಲೆ ಪಾತ್ರೆ ನೀನೇ ತೊಳೀಬೇಕಂತೆ ಅಣ್ಣಾ.”

ಅಕ್ಕ ಹಾಗೆ ಹೇಳಿಯೇ ಇರಲಿಲ್ಲ. ಗಂಡ ತೆಪ್ಪಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಸದ್ದಿಲ್ಲ, ಕತ್ತಿನ ರಂಧ್ರದಿಂದ ಬರೀ ಉಸಿರು ಸುಯ್ಯೆಂದಿತು.

ಮೂರು ತಿಂಗಳಾದ ಮೇಲೆ ಅವಳು ಕೆಲಸಕ್ಕೆ ಹೊರಟಳು. ಹಬೆಯಿಂದ ತೊಂದರೆಯಿಲ್ಲ, ಬಟ್ಟೆಯ ದೂಳು ಮಾತ್ರ ಒಳಗೆ ಹೋಗಬಾರದು ಎಂದಿದ್ದರು ಡಾಕ್ಟರು. ನಾದಿನಿ ತೆಳು ಹತ್ತಿಬಟ್ಟೆಯಲ್ಲಿ ವಾರಕ್ಕಾಗುವಷ್ಟು ಕತ್ತುಪಟ್ಟಿ ಹೊಲಿದುಕೊಟ್ಟಳು. ಆದರೆ ಮೇಲ್ವಿಚಾರಕರು ತಲೆಯಾಡಿಸಿದರು. ಕೆಟ್ಟವರಲ್ಲ, ಹೆದರಿದವರು.

“ಉರುಳೆಗೆ ಯಾರದಾದ್ರೂ ಕೈ ಸಿಕ್ಕಿದ್ರೆ ಪಕ್ಕದವರು ಕೂಗ್ಬೇಕು. ಈಯಮ್ಮ ಹೇಗೆ ಕೂಗ್ತಾರೆ? ನಾಳೆ ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ.”

“ಸರಿ ಸಾರ್. ಬಾಗಿಲ ಹತ್ರ ನಿಂತು ನೀವೇ ಒಂದ್ಸಲ ಕೂಗಿ ನೋಡಿ,” ಎಂದಳು ನಾದಿನಿ.

ಎಲ್ಲ ಯಂತ್ರಗಳೂ ಓಡುತ್ತಿದ್ದವು. ಅವರು ಕೂಗಿದರು. ಇನ್ನೊಮ್ಮೆ, ಕತ್ತಿನ ನರ ಉಬ್ಬುವ ಹಾಗೆ ಕೂಗಿದರು. ಒಂದು ತಲೆಯೂ ತಿರುಗಲಿಲ್ಲ. ಬೇಕೆಂದೇ ಮಾಡಿದ್ದಲ್ಲ, ನಿಜವಾಗಿಯೂ ಯಾರಿಗೂ ಕೇಳಿಸಿರಲಿಲ್ಲ. ಆಗ ನಾದಿನಿ ಅತ್ತಿಗೆಯ ಕಡೆ ನೋಡಿದಳು. ರೇಡಿಯೋ ಅಕ್ಕ ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಅಡ್ಡ ಹಿಡಿದಳು. ಒಂದೊಂದು ಬಟ್ಟೆ ಎತ್ತಿದಾಗಲೂ ಒಮ್ಮೆ ಸುತ್ತ ಕಣ್ಣಾಡಿಸಬೇಕೆಂದು ಹೊಸದಾಗಿ ಸೇರಿದ ಪ್ರತಿಯೊಬ್ಬಳಿಗೂ ಕಲಿಸಿದವಳು ಅವಳೇ. ಮಡಚುವವಳು ನೋಡಿದಳು, ಕೈ ಅಡ್ಡ ಹಿಡಿದಳು. ಹಿಂಡುವ ಯಂತ್ರದವಳು ಅವಳನ್ನು ನೋಡಿದಳು. ಹತ್ತು ಎಣಿಸುವಷ್ಟರಲ್ಲಿ ಒಂದೊಂದಾಗಿ ಎಲ್ಲ ಯಂತ್ರಗಳೂ ನಿಂತವು. ಕೊನೆಗೆ ಉರುಳೆಯೂ ನಿಂತಾಗ ಕೊಳವೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನ ನನಗ್ಯಾಕೆ ಯಾರೂ ಹೇಳ್ಕೊಟ್ಟಿಲ್ಲ?” ಎಂದರು.

ಅವರಿಗೂ ಕಲಿಸಿದರು. ಅವರ ಕಿವಿಯ ಸನ್ನೆಯೊಂದನ್ನು ಬಿಟ್ಟು.

ಮೊದಮೊದಲು ಕೆಲವರು ಅವಳನ್ನು ರೇಡಿಯೋ ಅಕ್ಕ ಎನ್ನಲು ಹಿಂಜರಿದರು. ಬರೀ ಅಕ್ಕ ಎಂದು ಕರೆದು ನಾಲಿಗೆ ಕಚ್ಚಿಕೊಂಡರು. ಅವಳು ಅವರ ಮುಂದೆ ಹೋಗಿ ನಿಂತು, ತನ್ನ ಕಿವಿಯ ಹತ್ತಿರ ತಾನೇ ಗುಂಡಿ ತಿರುಗಿಸಿ, ಹೂಂ ಕರೆಯಿರಿ ಎಂಬಂತೆ ಹುಬ್ಬು ಹಾರಿಸಿದಳು. ಆ ಹೆಸರು ಅಲ್ಲಿಗೇ ಗಟ್ಟಿಯಾಯಿತು.

ಎರಡು ವರ್ಷ ಕಳೆದ ಮೇಲೆ ಅದೇ ಡಾಕ್ಟರು ನೆಲಮಾಳಿಗೆಗೆ ಇಳಿದು ಬಂದರು. ವಾರ್ಡಿನಲ್ಲಿ ಒಬ್ಬರು ಶಾಲೆಯ ಟೀಚರು ಇದ್ದರು. ಅದೇ ಆಪರೇಷನ್ ಆಗಿತ್ತು. ಊಟ ಬಿಟ್ಟಿದ್ದರು, ಯಾರ ಮುಖವನ್ನೂ ನೋಡುತ್ತಿರಲಿಲ್ಲ. “ಸ್ವಲ್ಪ ಬರ್ತೀರಾಮ್ಮ?” ಎಂದು ಡಾಕ್ಟರು ಕೇಳಿದರು. ಅಕ್ಕ ಒದ್ದೆ ಕೈ ಒರೆಸಿಕೊಂಡು, ನಾದಿನಿಯನ್ನೂ ಕರೆದುಕೊಂಡು ಹೋದಳು.

ಟೀಚರು ಕಣ್ಣು ಮುಚ್ಚಿ ಮಲಗಿದ್ದರು. ಅಕ್ಕ ಹತ್ತಿರ ಹೋಗಿ ಅವರ ಕೈಯನ್ನು ಮೆಲ್ಲಗೆ ತೆಗೆದುಕೊಂಡು, ತನ್ನ ಕತ್ತುಪಟ್ಟಿಯನ್ನು ಸರಿಸಿ, ರಂಧ್ರದ ಮುಂದೆ ಹಿಡಿದಳು. ಬೆಚ್ಚನೆಯ ಉಸಿರು ತಾಗಿ ಟೀಚರು ಕಣ್ಣು ಬಿಟ್ಟರು. ಪಕ್ಕದಲ್ಲಿದ್ದ ಪಾಟಿಯ ಮೇಲೆ ಬರೆದರು: “ನಾನು ಇಪ್ಪತ್ತು ವರ್ಷ ಪಾಠ ಮಾಡಿದವಳು. ಇನ್ನೇನು ಮಾಡಲಿ?”

ಅಕ್ಕ ಕೈಯಾಡಿಸಿದಳು. ನಾದಿನಿ ಬಾಯಲ್ಲಿ ಹೇಳಿದಳು: “ಮೊದಲು ಊಟ ಮಾಡಿ ಅಂತಿದ್ದಾರೆ. ಆಮೇಲೆ ನೀವು ಕಲೀಬೇಕಂತೆ. ಇವರು ಟೀಚರಂತೆ, ನೀವು ಒಂದನೇ ಕ್ಲಾಸಂತೆ.”

ಟೀಚರು ಮೂರು ವಾರದಲ್ಲಿ ನೂರು ಸನ್ನೆ ಕಲಿತರು. ಗುಣವಾಗಿ ಹೋದ ಮೇಲೂ ಪ್ರತಿ ಬುಧವಾರ ಬಂದು, ಅಕ್ಕನ ಸನ್ನೆಗಳನ್ನೆಲ್ಲ ಚಿತ್ರ ಬರೆದು ಒಂದು ಪುಸ್ತಕ ಮಾಡಿದರು. ಕೊಳವೆ ಹಾಕಿಸಿಕೊಂಡು ಮಾತಾಡಲಾಗದೆ ಮಲಗಿದವರ ಮಂಚದ ಪಕ್ಕ ಈಗ ನರ್ಸುಗಳು ಆ ಪುಸ್ತಕವಿಡುತ್ತಾರೆ. ಅದರ ಮೊದಲ ಪುಟದಲ್ಲಿ ಯಾರ ಹೆಸರೂ ಇಲ್ಲ. “ಲಾಂಡ್ರಿಯ ಹೆಂಗಸರು” ಎಂದಷ್ಟೇ ಇದೆ. ಹಾಗೇ ಇರಬೇಕೆಂದು ಹಟ ಹಿಡಿದವಳು ಅಕ್ಕ.

ಈಗ ಅವಳಿಗೆ ಐವತ್ಮೂರು. ಸಂಜೆ ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಾರೆ. ನಾದಿನಿ ಮದುವೆಯಾಗಲಿಲ್ಲ, ಬೇಡವೆಂದು ಅವಳೇ ತೀರ್ಮಾನಿಸಿದಳು. ಬಸ್ಸಿನಲ್ಲಿ ಇಬ್ಬರಿಗೂ ಜಗಳ ತಪ್ಪಿದ್ದಲ್ಲ. ಮಗಳ ಕೂಸಿಗೆ ಸ್ವೆಟರ್ ಯಾವ ಬಣ್ಣದ್ದಿರಬೇಕು, ರಾತ್ರಿಗೆ ಏನು ಪಲ್ಯ, ಇಂಥವೇ. ನಾಲ್ಕು ಕೈಗಳು ಭರದಿಂದ ಹಾರಾಡುವುದನ್ನು ಹೊಸ ಪ್ರಯಾಣಿಕರು ಬೆರಗಾಗಿ ನೋಡುತ್ತಾರೆ. ವಾದದಲ್ಲಿ ಸೋಲುವ ಸೂಚನೆ ಕಂಡರೆ ನಾದಿನಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಸೀಟಿಗೊರಗುತ್ತಾಳೆ. ಅಲ್ಲಿಗೆ ಅತ್ತಿಗೆಯ ಮಾತು ಬಂದ್. ಅತ್ತಿಗೆ ಸ್ವಲ್ಪ ಹೊತ್ತು ಕಾಯುತ್ತಾಳೆ. ಆಮೇಲೆ ಮೊಣಕೈಯಿಂದ ಅವಳ ಪಕ್ಕೆಗೆ ಒಂದು ತಿವಿದು, ಕಣ್ಣು ಬಿಡಿಸಿ, ಮತ್ತೆ ಶುರುಮಾಡುತ್ತಾಳೆ.