ನಾಲ್ಕು ಗಂಟೆಯ ಚಹಾ: ವಿಷಯಕ್ಕೆ ಸಂಬಂಧವಿಲ್ಲ

ಧಾರವಾಡಕ್ಕೆ ಬಂದಿಳಿದ ದಿನವೇ, ಹೆಸರು ಕೂಡ ಗೊತ್ತಿಲ್ಲದ ಮೂವರು ನನ್ನನ್ನು ಚಹಾಕ್ಕೆ ಕರೆದರು. ಒಬ್ಬರು ಆಟೋದವರು, ಒಬ್ಬರು ದಾರಿ ಹೇಳಿದ ಕಿರಾಣಿ ಅಂಗಡಿಯವರು, ಮೂರನೆಯವರು ಕೆಲಗೇರಿ ಕೆರೆಯ ದಂಡೆಯ ಒಂದು ಮನೆಯ ಕಟ್ಟೆಯ ಮೇಲೆ ಮೆಂತ್ಯಸೊಪ್ಪು ಬಿಡಿಸುತ್ತಿದ್ದ ನೀಲವ್ವ. "ಬರ್ರಿ, ಚಾ ಕುಡದು ಹೋಗೀರಂತ." ಮೂವರನ್ನೂ ಅನುಮಾನಿಸಿದೆ. ನಮ್ಮ ಕೋಲಾರದಲ್ಲಿ ಗುರುತಿಲ್ಲದವರನ್ನು ಒಳಗೆ ಕರೆದರೆ ಅದಕ್ಕೊಂದು ಕಾರಣವಿರುತ್ತದೆ. ಕಾರಣವಿಲ್ಲದ ಕರೆ ಬರೀ ಬಾಯಿಮಾತು. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಕಪ್ ಹೊತ್ತು ತಂದವಳು ನಾನು. ಬಾಯಿಮಾತನ್ನು ಪರೀಕ್ಷಿಸದೆ ಬಿಡುವುದುಂಟೆ? ಮಾರನೆಯ ದಿನ ನೀಲವ್ವ ಮತ್ತೆ ಕರೆದಾಗ ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗಿ ಕೂತೆ. ಆಕೆ ಒಂದು ಕ್ಷಣವೂ ತಡವರಿಸಲಿಲ್ಲ. ಒಗ್ಗರಣೆ ಹಾಕಿದ ಚುರುಮುರಿ ಬಂತು, ನಮ್ಮ ಕಡೆ ಪುರಿ ಎನ್ನುವುದು. ಹಿಂದೆಯೇ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಕಪ್ಪಿನಲ್ಲಿ ಚಹಾ. ನಾನು ಸೋತಿದ್ದೆ, ಒಪ್ಪಿಕೊಳ್ಳಲಿಲ್ಲ.

ಆ ಮನೆಯ ಮಹಡಿಯ ಕೋಣೆಯೇ ನನ್ನದಾಯಿತು. ಕೆಳಗೆ ನೀಲವ್ವ ಮತ್ತು ಸೊಸೆ ಶಕುಂತಲಾ. ಮಗನಿಗೆ ಪುಣೆಯ ಕಾರ್ಖಾನೆಯಲ್ಲಿ ಕೆಲಸ. ಸೊಸೆ ಇಲ್ಲೇ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಮುದ್ದೆ ನುಂಗಿ ಅಭ್ಯಾಸವಾದ ನನಗೆ ಖಡಕ್ ರೊಟ್ಟಿ ಅಗಿಯುವ ತಾಳ್ಮೆ ಇರಲಿಲ್ಲ. ಅದಕ್ಕಿಂತ ಕಷ್ಟ, ಇಲ್ಲಿ ವಾದಕ್ಕಿಳಿದರೆ ಜನ "ಖರೇ ಅದರಿ" ಎಂದು ಒಪ್ಪಿಬಿಡುತ್ತಾರೆ. ವಾದ ಮಾಡುವವಳಿಗೆ ಇದಕ್ಕಿಂತ ದೊಡ್ಡ ಒಂಟಿತನ ಬೇರಿಲ್ಲ.

ನಾನು ಬಂದದ್ದು ಮನಃಶಾಸ್ತ್ರದ ಪ್ರೊಫೆಸರೊಬ್ಬರ ಕೈಕೆಳಗಿನ ಕೆಲಸಕ್ಕೆ. ಅದು 2009ರ ಮಳೆಗಾಲ. ಹಂದಿಜ್ವರ ಪುಣೆಯವರೆಗೆ ಬಂದಿತ್ತು. ಪುಣೆ ಎಂದರೆ ಇಲ್ಲಿನವರಿಗೆ ಪಕ್ಕದ ಓಣಿ. ಹುಬ್ಬಳ್ಳಿ-ಧಾರವಾಡದವರು ಸೇರುವ ಹರಟೆಕಟ್ಟೆಯೊಂದು ಇಂಟರ್ನೆಟ್ಟಿನಲ್ಲಿತ್ತು: ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಅಡ್ಡಹೆಸರುಗಳಲ್ಲಿ ಜನ. ಆ ಮಾತುಕತೆ ಓದಿ, ಪಿಡುಗು ಮನಸ್ಸಿಗೆ ಏನು ಮಾಡುತ್ತದೆಂದು ತಿಳಿಯುವುದು ಸರ್ ಅವರ ಯೋಜನೆ. ಎದುರು ಕೂತು ಕೇಳಿದರೆ ಜನ ಮುಚ್ಚಿಡುತ್ತಾರೆ, ಅಲ್ಲಿ ಮುಚ್ಚಿಡುವುದಿಲ್ಲ ಎಂಬುದು ಅವರ ನಂಬಿಕೆ. ಅಲ್ಲಿ ಭಯ ಕಂಡರೆ, ಜ್ವರ ಬಂದುಹೋದ ಮನೆಗಳಿಗೆ ಹೋಗಿ ಕೂತು ಮಾತಾಡಿಸಲು ವಿಭಾಗದಿಂದ ಇಬ್ಬರನ್ನು ಕಳಿಸುವುದು, ಕಾಣದಿದ್ದರೆ ಇಲ್ಲ. ಕಂಡಿತೋ ಇಲ್ಲವೋ ಹೇಳಬೇಕಾದವಳು ನಾನು.

ಆಗಸ್ಟಿನಲ್ಲಿ ಶಕುಂತಲಾ ಗಂಡನಲ್ಲಿಗೆ ಹೋಗಿ ಬಂದಳು. ಬಂದ ಮೂರನೆಯ ದಿನ ಜ್ವರ, ಅದೇ ಹಂದಿಜ್ವರ. ಮಾತ್ರೆ ನುಂಗಿದಳು, ಹತ್ತು ದಿನದಲ್ಲಿ ವಾಸಿಯಾದಳು. ಓಣಿ ವಾಸಿಯಾಗಲಿಲ್ಲ. ಹಾಲಿನವನು ಪಾಕೀಟನ್ನು ಗೇಟಿನ ಮೇಲಿಂದ ಎಸೆದು ಹೋಗುತ್ತಿದ್ದ. ಕೆಲಸಕ್ಕೆ ಮರಳಲು ಹೋದರೆ ಶಿಶುವಿಹಾರದವರು "ದಸರಾ ಸೂಟಿ ಮುಗೀಲಿ, ನೋಡೋಣು" ಎಂದರು. ಕಟ್ಟೆಯ ಮುಂದೆ ಹಾಯುವವರು ಆಚೆ ಬದಿಗೆ ಸರಿದರು. ನಾನು? ಅಂಗಳದಿಂದ ಹತ್ತುವ ಮೆಟ್ಟಿಲು ಬಿಟ್ಟು ಹಿತ್ತಲಿನ ಕಬ್ಬಿಣದ ಮೆಟ್ಟಿಲು ಹಿಡಿದೆ. ಓಣಿಯವರದ್ದಕ್ಕೆ ಮೌಢ್ಯ ಎಂದು ಹೆಸರಿಟ್ಟೆ, ನನ್ನದಕ್ಕೆ ಎಚ್ಚರಿಕೆ ಎಂದು. ಶಕುಂತಲಾ ಕೆಳಗಿನಿಂದ ಎರಡು ಸಲ ಕೂಗಿ ಕರೆದಳು: "ಬಾಯಾರ, ಚಾ ಆಗೇದ, ಬರ್ರಿ." ಬಾಯಾರ ಎಂದರೆ ಇಲ್ಲಿ ಮೇಡಂ. ಕೆಲಸವಿದೆ ಎಂದೆ.

ಕೆಲಸವಿತ್ತು, ಸುಳ್ಳಲ್ಲ. ಹಂದಿಜ್ವರ ಎಂಬ ಪದವಿದ್ದ ಸಾಲುಗಳನ್ನೆಲ್ಲ ಹೆಕ್ಕಿ ಭಯ, ಸಿಟ್ಟು, ತಮಾಷೆ ಎಂದು ವಿಂಗಡಿಸುತ್ತಿದ್ದೆ. ಬಹುಪಾಲು ತಮಾಷೆ. 'ನಮ್ಮ ಓಣಿ ಹಂದಿಗೆ ಮೊದ್ಲ ಮಾಸ್ಕ್ ಹಾಕ್ರಿ' ಎಂಬಂಥವು. ಇವುಗಳ ನಡುವೆ ದಿನಾ ನಾಲ್ಕು ಗಂಟೆಗೆ ಬೇರೆಯೇ ಒಂದು ಮಾತು ಶುರುವಾಗುತ್ತಿತ್ತು. 'ಕೆರಿದಂಡಿ' ಎಂಬ ಹೆಸರಿನವರು ಬರೆಯುವರು: 'ಚಾ ಆಗೇದ, ಬರ್ರಿ ಎಲ್ಲಾರೂ.' ಹತ್ತು ಜನ ಬಂದು ಸೇರುವರು. 'ಬಂದ್ವಿ ನೋಡ್ರಿ, ಚಪ್ಪಲಿ ಎಲ್ಲಿ ಬಿಡೂಣು?' 'ನನಗ ಸಕ್ರಿ ಕಡಿಮಿ.' 'ಚುರುಮುರಿ ಇಲ್ಲದ ಕಳಸ್ತೀರೇನ್ರಿ?' ಇಲ್ಲದ ಚಹಾ, ಇಲ್ಲದ ಕಪ್ಪು. ರೋಗದ ಸೊಲ್ಲೇ ಇಲ್ಲ. ಅಷ್ಟನ್ನೂ 'ವಿಷಯಕ್ಕೆ ಸಂಬಂಧವಿಲ್ಲ' ಎಂದು ತೆಗೆದುಹಾಕಿದೆ. ವರದಿಯ ಕೊನೆಯ ಸಾಲು ನನ್ನದೇ: ಈ ಜನ ಹೆದರಿಲ್ಲ, ನಗುತ್ತಿದ್ದಾರೆ. ಸರ್ ಮೆಚ್ಚಿದರು. ಮನೆಗಳಿಗೆ ಯಾರನ್ನೂ ಕಳಿಸುವುದು ಬೇಡವೆಂದಾಯಿತು.

ಮರುವಾರ ಜಡಿಮಳೆಗೆ ಹಿತ್ತಲಿನ ಮೆಟ್ಟಿಲು ಪಾಚಿಗಟ್ಟಿತು. ಜಾರುವ ಭಯಕ್ಕೆ ಅಂಗಳದಿಂದ ಬಂದೆ. ನಾಲ್ಕರ ಸುಮಾರು. ಬಾಗಿಲು ತೆರೆದಿತ್ತು. ಶಕುಂತಲಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯುತ್ತಿತ್ತು.

"ಏನ್ ತಂಗಿ, ಹಾದಿ ತಪ್ಪಿತೇನ?" ಎಂದರು ನೀಲವ್ವ.

"ಇಷ್ಟೊಂದು ಚಹಾ ಯಾರಿಗೆ?"

"ಹತ್ತು ಮಂದಿ ಚಾ ಇಡ್ತಾಳ, ಇಬ್ರ ಕುಡೀತೇವಿ. ಉಳದದ್ದು ದಾಸವಾಳದ ಗಿಡಕ್ಕ."

ಪರದೆಯ ಮೇಲೆ 'ಕೆರಿದಂಡಿ' ಎಂದಿತ್ತು.

"ಇದು ನೀವಾ?"

"ಹೂಂನ್ರಿ. ಇವರು ಎಷ್ಟ ಬಂದ್ರೂ ಯಾರಿಗೂ ಜ್ವರದ ಜಡ್ಡು ಹತ್ತೂದಿಲ್ಲ ನೋಡ್ರಿ," ಎಂದು ಶಕುಂತಲಾ ನಕ್ಕಳು. "ಈ ಸಕ್ರಿ ಕಡಿಮಿ ಅನ್ನಾವ್ರು ಹುಬ್ಬಳ್ಳಿ ಕಮರಿಪ್ಯಾಟಿಯವ್ರು. ಮಗಳಿಗೆ ಆಗಿತ್ತು. ಚಪ್ಪಲಿ ಎಲ್ಲಿ ಬಿಡೂಣು ಅನ್ನಾವ್ರು ಉಪ್ಪಿನಬೆಟಗೇರಿ, ಅವರಿಗೇ ಆಗಿತ್ತು. ಎಲ್ಲಾರೂ ಹಂಗ."

"ಹೆದರಿಕೆ ಆಗಿದ್ರೆ ಹಾಗಂತ ಬರೀಬೋದಿತ್ತಲ್ಲ?"

"ಜಡ್ಡು ಬಂದ ಮನ್ಯಾಗ ಅದರ ಹೆಸರು ಯಾರ್ ತಗೀತಾರ್ರಿ? ಹೆಸರು ತಗದು ನಗಾವ್ರು ಬ್ಯಾರೇ ಮಂದಿ. ನೀವು ಇದನ್ನ ಓದ್ತಿದ್ರೇನು?"

"ದಿನಾ ಓದ್ತಿದ್ದೆ."

"ಮತ್ತ ಅಲ್ಲೂ ಚಾಕ್ಕ ಬರಲಿಲ್ಲಲ್ಲರಿ."

ಮಾರನೆಯ ದಿನ ಸರ್ ಮುಂದೆ ನಿಂತೆ. ನನ್ನ ಜೀವನದ ಅತ್ಯುತ್ತಮ ವಾದ ಅದು. ಹೆದರಿದವರು ರೋಗದ ಹೆಸರೆತ್ತುವುದಿಲ್ಲ. ಹೆಸರು ಹುಡುಕಿ ಹೊರಟ ನಾವು ಹೆದರದವರನ್ನಷ್ಟೇ ಹಿಡಿದು ತಂದಿದ್ದೇವೆ. ತೆಗೆದುಹಾಕಿದ ಸಾಲುಗಳೇ ನಮ್ಮ ವಿಷಯ.

"ಚಾಕ್ಕ ಕರಿಯೋದು ಭಯ ಹ್ಯಾಂಗ ಆಗ್ತದ್ರಿ?" ಎಂದರು ಸರ್.

"ಅವೆಲ್ಲ ಜ್ವರ ಬಂದ ಮನೆಗಳು, ಸರ್."

"ನಿಮಗ ಹ್ಯಾಂಗ ಗೊತ್ತು? ಮನಿಗೆ ಹೋಗಿ ಕೇಳೀರಿ. ನಮ್ಮ ಪದ್ಧತಿ ಅದಲ್ಲ. ವರದಿ ಬರದಾವ್ರೂ ನೀವ, ಈಗ ಎದುರು ಪಕ್ಷದಾಗ ನಿಂತಾವ್ರೂ ನೀವ. ಛಲೋ ಮಾತಾಡ್ತೀರಿ ಬಿಡ್ರಿ." ಎದ್ದು ಮೈ ಕೊಡವಿದರು. "ಬರ್ರಿ, ಚಾ ಕುಡಿಯೋಣು."

ಹೋಗಿ ಕುಡಿದೆ.

ದಸರಾ ಮುಗಿಯುವ ಹೊತ್ತಿಗೆ ಜ್ವರದ ಸುದ್ದಿ ತಣ್ಣಗಾಯಿತು. ಓಣಿಯವರು, ನಡುವೆ ಏನೂ ಆಗಿಯೇ ಇಲ್ಲವೆಂಬಂತೆ, ಮತ್ತೆ ಬಾಗಿಲಿಗೆ ಬಂದು ಚಹಾಕ್ಕೆ ಕರೆದರು. ಶಿಶುವಿಹಾರದವರೂ ಕರೆದರು. ಶಕುಂತಲಾ ಯಾರಲ್ಲಿಗೂ ಹೋಗದೆ ಟ್ರಂಕು ತುಂಬಿದಳು. ಹೊರಡುವ ದಿನ ನಾನು ಅಂಗಳದ ಮೆಟ್ಟಿಲಿಳಿದು ಹೋಗಿ, ಕರೆಯದೆಯೇ ಕೂತು ಎರಡು ಕಪ್ ಕುಡಿದೆ. ಪುಣೆ ಒಗ್ಗೀತೇ ಎಂದು ಕೇಳಿದೆ. "ಪುಣಾದಾಗ ಯಾರೂ ಯಾರನ್ನೂ ಚಾಕ್ಕ ಕರಿಯೂದಿಲ್ಲರಿ. ಅದ ಛಲೋ," ಎಂದಳು.

ದೀಪಾವಳಿಗೆ ಕೋಲಾರಕ್ಕೆ ಹೋದಾಗ, ಗೇಟಿನ ಮುಂದೆ ನಿಂತು ವಿಳಾಸ ಕೇಳಿದವರೊಬ್ಬರನ್ನು ಕಾಫಿಗೆ ಕರೆದೆ. ಅವರು ಗಾಬರಿಯಿಂದ ಹೊರಟೇಹೋದರು. "ದಾರೀಲಿ ಹೋಗೋರ್ನೆಲ್ಲ ಒಳಕ್ಕೆ ಕರೀತೀಯಲ್ಲೇ, ಅಲ್ಲಿ ಇದನ್ನೇನಾ ಕಲ್ತಿದ್ದು?" ಎಂದಳು ಅಮ್ಮ. ಕರೆಯುವುದನ್ನಷ್ಟೇ ಕಲಿತಿದ್ದೆ.

ಮರಳಿ ಬಂದು ಒಂದು ದಿನ ನಾಲ್ಕು ಗಂಟೆಗೆ ಹರಟೆಕಟ್ಟೆ ತೆರೆದೆ. ಕೆರಿದಂಡಿ ಇರಲಿಲ್ಲ. 'ಚಾ ಆಗೇದ, ಬರ್ರಿ ಎಲ್ಲಾರೂ' ಎಂದು ಬರೆದೆ. ಬಹಳ ಹೊತ್ತಿನ ಮೇಲೆ ಆ ಸಕ್ಕರೆ ಕಡಿಮೆಯವರು ಬಂದರು: 'ಬಂದೆ ನೋಡ್ರಿ. ಹೊಸಬರು ಕಾಣ್ತೀರಿ, ಯಾವೂರ್ರಿ?' ಕೋಲಾರ ಎಂದು ಟೈಪಿಸಿ ಅಳಿಸಿದೆ. ಧಾರವಾಡ ಎಂದು ಟೈಪಿಸಿದೆ. ಹಿತ್ತಲಿನ ಮೆಟ್ಟಿಲು ಕಣ್ಣ ಮುಂದೆ ಬಂತು, ಅದನ್ನೂ ಅಳಿಸಿದೆ. ಅಷ್ಟರಲ್ಲಿ ಅವರೇ ಬರೆದರು: 'ಇರಲಿ ಬಿಡ್ರಿ. ಮೊದಲ ಚಾ ಕೊಡ್ರಿ.'

ಒಲೆಯ ಮೇಲೆ ನಾನು ಏನನ್ನೂ ಇಟ್ಟಿರಲಿಲ್ಲ.