ಭತ್ತದ ಹೂ ತೆರೆದಿರುವಷ್ಟು ಹೊತ್ತು

ಬೆಳೆ ಸಂಶೋಧನಾ ಕೇಂದ್ರದ ಹಿಂಭಾಗದ ಗಾಜಿನ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಚಿಮುಟದಕ್ಕ ಎಂದೇ ಕರೆಯುತ್ತಿದ್ದರು. ಮೇಲಂಗಿಯ ಜೇಬಿನಲ್ಲಿ ಉಳಿದವರು ಪೆನ್ನು ಸಿಕ್ಕಿಸಿಕೊಂಡರೆ ಇವಳು ಒಂದು ಸಣ್ಣ ಚಿಮುಟ ಸಿಕ್ಕಿಸಿಕೊಳ್ಳುತ್ತಿದ್ದಳು. ಭತ್ತದ ಹೂವನ್ನು ಹೂವೆಂದು ಗುರುತಿಸುವವರೇ ಕಡಿಮೆ. ಕಾಳಿನ ಸಿಪ್ಪೆಯೇ ಒಂದಿಷ್ಟು ಬಾಯಿ ತೆರೆದಂತೆ ಕಾಣುತ್ತದೆ, ಅಷ್ಟೇ. ಅದರೊಳಗೆ ಪರಾಗ ತುಂಬಿದ ಆರು ಎಳೆಗಳು. ಸಂಜೆ ಸಿಪ್ಪೆಯ ತುದಿ ಕತ್ತರಿಸಿ, ಹೂವಿಗೆ ತನ್ನದೇ ಪರಾಗ ತಾಗದಿರಲೆಂದು ಆ ಆರನ್ನೂ ಒಡೆಯದಂತೆ ಕಿತ್ತು ತೆಗೆದು, ತೆನೆಗೆ ಕಾಗದದ ಚೀಲ ತೊಡಿಸಬೇಕು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಇನ್ನೊಂದು ತಳಿಯ ಹೂಗಳು ತೆರೆದಾಗ, ಚೀಲ ಬಿಚ್ಚಿ, ಅವುಗಳ ಪರಾಗವನ್ನು ಇದರ ಮೇಲೆ ಉದುರಿಸಿ, ಕೂಡಲೇ ಮುಚ್ಚಬೇಕು. ಎರಡು ತಳಿ ಕೂಡಿ ಹೊಸ ತಳಿ ಹುಟ್ಟುವುದು ಹೀಗೆ. ಹೂ ತೆರೆದಿರುವುದು ಹೆಚ್ಚೆಂದರೆ ಒಂದು ಗಂಟೆ.

ಆ ಒಂದು ಗಂಟೆ ಅವಳು ಈ ಲೋಕದಲ್ಲಿ ಇರುತ್ತಿರಲಿಲ್ಲ. ಗಾಜಿಗೆ ಅಂಟಿದ ಹಬೆಯಲ್ಲಿ ಬೆಳಕು ಹಾಲಿನಂತೆ ಹರಡಿಕೊಳ್ಳುತ್ತಿತ್ತು. ತೆನೆಯನ್ನು ಮೆಲ್ಲಗೆ ತಟ್ಟಿದರೆ ಪರಾಗ ಹೊಗೆಯೋ ಧೂಳೋ ತಿಳಿಯದಂತೆ ಇಳಿಯುತ್ತಿತ್ತು. ಪಕ್ಕದಲ್ಲಿ ಯಾರಾದರೂ ಕೂಗಿದರೆ ನೀರಿನಡಿಯಿಂದ ಕೇಳಿದಂತೆ ಕೇಳುತ್ತಿತ್ತು.

ಕೇಂದ್ರದ ಮುಖ್ಯ ಕಟ್ಟಡದ ಮೇಲಿನ ಮಹಡಿಗೆ ಆ ವರ್ಷ ಮನಶ್ಶಾಸ್ತ್ರದ ಒಬ್ಬ ಯುವ ಸಂಶೋಧಕಿ ಬಂದಳು. ಇಂಟರ್ನೆಟ್ ಬಳಕೆಯಿಂದ ಜನರ ಗಮನ ಏನಾಗುತ್ತದೆ ಎಂಬುದು ಅವಳ ಅಧ್ಯಯನ. ಅದಕ್ಕೆ ಸ್ಮಾರ್ಟ್‌ಫೋನನ್ನು ಮುಟ್ಟಿಯೇ ಇರದವರು ಬೇಕಾಗಿದ್ದರು. ಹುಡುಕಿ ಸುಸ್ತಾಗಿ ಒಂದು ದಿನ ಗಾಜಿನ ಮನೆಯ ಬಾಗಿಲಿಗೆ ಬಂದು ನಿಂತಳು.

"ಅಕ್ಕಾ, ಒಂದು ಫೋನ್ ಕೊಡ್ತೀನಿ, ಅದು ನಿಮಗೇ. ಆರು ವಾರ ನಿಮಗೆ ಇಷ್ಟ ಬಂದ ಹಾಗೆ ನೋಡಿ. ಮೊದಲು ಒಂದು ಪರೀಕ್ಷೆ, ಕೊನೆಗೆ ಒಂದು ಪರೀಕ್ಷೆ. ಅಷ್ಟೇ."

ಚಿಮುಟದಕ್ಕ ಯೋಚಿಸಿ ಹೇಳುತ್ತೇನೆಂದಳು. ಮನೆಯಲ್ಲಿ ಅವಳ ಜೊತೆಗಿದ್ದ ತಂಗಿ, ಹೊಲಿಗೆ ಕೆಲಸದವಳು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಯಾರೋ ಕರೆದು ಕೊಡ್ತೀನಿ ಅಂದ್ರೆ ಇವಳಿಗೆ ಯೋಚನೆ ಅಂತೆ!" ಎಂದಳು. ಮಾತು ಅಲ್ಲಿಗೇ ಮುಗಿಯಿತು; ಮರುದಿನ ಚಿಮುಟದಕ್ಕ ಒಪ್ಪಿಕೊಂಡಳು.

ಮೊದಲ ಪರೀಕ್ಷೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ನಡೆಯಿತು. ಪರದೆಯ ಮೇಲೆ ಅಂಕಿಗಳು ಒಂದರ ಹಿಂದೊಂದು ಮಿಂಚುತ್ತವೆ. ಪ್ರತಿಯೊಂದಕ್ಕೂ ಗುಂಡಿ ಒತ್ತಬೇಕು, ಮೂರು ಬಂದಾಗ ಮಾತ್ರ ಸುಮ್ಮನಿರಬೇಕು. ಅವಳು ಎರಡೇ ಸಲ ತಪ್ಪಿದಳು. ಸಂಶೋಧಕಿ ಕಣ್ಣರಳಿಸಿದಳು.

"ನನ್ನ ತಂಗಿನ ಕೂರಿಸಬೇಕಿತ್ತಮ್ಮಾ," ಎಂದಳು ಚಿಮುಟದಕ್ಕ. "ಸುಮ್ಮನಿರು ಅಂದ್ರೆ ಮೊದಲು ಒತ್ತೋಳು ಅವಳೇ."

ಫೋನು ಮೊದಲ ವಾರ ಮೇಜಿನ ಮೇಲೆ ಬಿದ್ದಿತ್ತು. ಎರಡನೆಯ ವಾರ ತಂಗಿಯೇ ಅದರಲ್ಲಿ ಮಂಜುಗಡ್ಡೆ ಸೀಳಿಕೊಂಡು ಹೋಗುವ ಒಂದು ಹಡಗಿನ ವಿಡಿಯೊ ತೋರಿಸಿದಳು. ಸದ್ದಿಲ್ಲದ ಬಿಳಿಯ ನಡುವೆ ಹಡಗಿನ ಹಿಂದೆ ಕಪ್ಪು ನೀರಿನ ಗೆರೆಯೊಂದು ಬಿಚ್ಚಿಕೊಳ್ಳುತ್ತ ಹೋಗುತ್ತಿತ್ತು. ಚಿಮುಟದಕ್ಕ ಉಸಿರು ಬಿಗಿಹಿಡಿದು ನೋಡಿದಳು. ಹಡಗಿನಿಂದ ತಿಮಿಂಗಿಲಕ್ಕೆ, ತಿಮಿಂಗಿಲದಿಂದ ಗೂಡು ನೇಯುವ ಹಕ್ಕಿಗೆ, ಹಕ್ಕಿಯಿಂದ ಗಾಜು ಊದುವ ಮುದುಕನಿಗೆ ದಾರಿ ತಾನಾಗಿಯೇ ತೆರೆಯುತ್ತಿತ್ತು. ಬಸ್ಸಿನಲ್ಲಿ ನೋಡಿದಳು, ಊಟದ ಹೊತ್ತಿನಲ್ಲಿ ನೋಡಿದಳು. ಕಣ್ಣು ಮುಚ್ಚಿದರೂ ರೆಪ್ಪೆಯ ಹಿಂದೆ ಏನೋ ತೇಲುತ್ತಿತ್ತು. ಸುಳ್ಳು ಹೇಳುವುದೇಕೆ, ಅವಳಿಗೆ ಅದು ಸುಖವಾಗಿತ್ತು.

ಐದನೆಯ ವಾರ ಉಪ್ಪುನೀರು ತಡೆಯುವ ತಳಿಯೊಂದರ ಒಂದೇ ಒಂದು ಕುಂಡ ಹೂ ಬಿಟ್ಟಿತು. ತಳಿ ವಿಭಾಗದ ಮುಖ್ಯಸ್ಥರು, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಹಿರಿಯರು, ಅದರ ಬೀಜ ಸಿಗಲೆಂದೇ ಮೂರು ವರ್ಷ ಕಾದಿದ್ದರು. ಸಂಜೆ ಅದರ ಎಳೆಗಳನ್ನು ತೆಗೆದು ಚೀಲ ತೊಡಿಸಿದ್ದ ಅವಳು ಮರುದಿನ ಬೆಳಿಗ್ಗೆ ಆ ತೆನೆಯ ಚೀಲ ಬಿಚ್ಚಿದಳು. ಪರಾಗ ಕೊಡಬೇಕಾದ ಹೂಗಳು ಇನ್ನೂ ಅರೆ ತೆರೆದಿದ್ದವು. ಜೇಬಿನಲ್ಲಿ ಫೋನು ನಡುಗಿತು. ಒಂದು ನಿಮಿಷ ಎಂದುಕೊಂಡು ತೆಗೆದಳು. ಕಡಲಿನ ಆಳದಲ್ಲಿ ಛತ್ರಿಯಂಥ ಜೀವಿಯೊಂದು ತನ್ನದೇ ಬೆಳಕಿನಲ್ಲಿ ಉಬ್ಬುತ್ತ, ಕುಗ್ಗುತ್ತ ಮೇಲೇರುತ್ತಿತ್ತು.

ತಲೆಯೆತ್ತಿದಾಗ ಬಿಸಿಲು ಬೇರೆ ಗಾಜಿಗೆ ಬಂದಿತ್ತು. ಪರಾಗದ ಹೂಗಳು ಬಾಯಿ ಮುಚ್ಚಿದ್ದವು. ತೆನೆ ಬರಿತಲೆಯಲ್ಲಿ ನಿಂತಿತ್ತು. ಸುತ್ತಲಿನ ಕುಂಡಗಳಿಂದ ಯಾವ ಯಾವ ಪರಾಗ ಹಾರಿ ಬಂದು ಅದರ ಮೇಲೆ ಕೂತಿತ್ತೋ! ಅಲ್ಲಿ ಬೇರೆ ಯಾರೂ ಇರಲಿಲ್ಲ. ಚೀಲ ಮತ್ತೆ ತೊಡಿಸಿ, ಚೀಟಿಯ ಮೇಲೆ ತಾರೀಕು ಬರೆದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾಳು ಹೇಗೂ ಕಟ್ಟುತ್ತಿತ್ತು. ಚೀಲವನ್ನು ತೊಡಿಸದೆ ಮಡಚಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಕುಂಡವನ್ನೇ ಎತ್ತಿಕೊಂಡು ಮೇಷ್ಟ್ರ ಕೋಣೆಗೆ ಹೋದಳು.

"ಸಾರ್, ಇದು ಕೆಟ್ಟುಹೋಯ್ತು. ತೆನೆ ತೆರೆದಿಟ್ಟು ಫೋನ್ ನೋಡ್ತಾ ಕೂತುಬಿಟ್ಟೆ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. "ಬೇರೆ ಬೀಜ ಇದೆಯಲ್ಲ, ಮುಂದಿನ ಹಂಗಾಮಿಗೆ ಹಾಕೋಣ," ಎಂದಷ್ಟೇ ಅಂದರು. ಅವಳು ಹೊರಟಾಗ ಹಿಂದಿನಿಂದ, "ಹೇಳಿದ್ದು ಒಳ್ಳೇದಾಯ್ತಮ್ಮ. ಇಲ್ಲದಿದ್ರೆ ಇನ್ನೂ ನಾಲ್ಕು ವರ್ಷ ಸುಳ್ಳನ್ನೇ ಬೆಳೀತಾ ಇದ್ವಿ," ಎಂದರು.

ಕೊನೆಯ ಪರೀಕ್ಷೆಯಲ್ಲಿ ಅವಳು ತಪ್ಪಿದ್ದು ಮತ್ತೆ ಎರಡೇ ಸಲ. ಸಂಶೋಧಕಿ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು, "ಏನೂ ವ್ಯತ್ಯಾಸ ಆಗಿಲ್ಲ ಅಕ್ಕಾ, ನಿಮ್ಮ ಗಮನ ಹಾಗೇ ಇದೆ," ಎಂದಳು.

ಆಗ ಚಿಮುಟದಕ್ಕ ಕೆಟ್ಟುಹೋದ ತೆನೆಯ ಕಥೆ ಹೇಳಿದಳು. ಹುಡುಗಿ ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.

"ಮತ್ತೆ ಇಲ್ಲಿ ಯಾಕೆ ತಪ್ಪಲಿಲ್ಲ?"

"ಇಲ್ಲಿ ನೋಡೋಕೆ ಬೇರೇನಿದೆ ಹೇಳಮ್ಮಾ? ಅವತ್ತೂ ನನ್ನ ಗಮನ ಎಲ್ಲೂ ಚದುರಿರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಫೋನ್ ನೋಡ್ತಿದ್ದೆ. ತೆನೆ ಮೇಲೆ ಇರಲಿಲ್ಲ, ಅಷ್ಟೇ."

ಸಂಶೋಧಕಿ ಅದನ್ನು ಅವಳ ಮಾತಿನಲ್ಲೇ ಬರೆದುಕೊಂಡಳು. ಒಬ್ಬಳ ಮಾತಿನಿಂದ ಏನೂ ಸಾಬೀತಾಗುವುದಿಲ್ಲ ಎಂದೂ ಹೇಳಿದಳು. ಆದರೂ ಮುಂದಿನ ತಿಂಗಳಿಂದ ಜನರನ್ನು ಕೋಣೆಗೆ ಕರೆಯುವ ಬದಲು ತಾನೇ ಅವರು ಕೆಲಸ ಮಾಡುವಲ್ಲಿಗೆ ಹೋಗತೊಡಗಿದಳು. ಚಿಮುಟದಕ್ಕನ ತಂಗಿ ಕೆಲಸ ಮಾಡುವ ಹೊಲಿಗೆ ಅಂಗಡಿಗೂ ಹೋದಳು. ಅಲ್ಲಿ ತಂಗಿ ಅವಳಿಗೆ ಕಾಜಾ ಹೊಲಿಯಲು ಕಲಿಸಿ ಕಳಿಸಿದಳು.

ಚಿಮುಟದಕ್ಕ ಫೋನು ಇಟ್ಟುಕೊಂಡಳು. ಹೂ ತೆರೆಯುವ ಹೊತ್ತಿಗೆ ಮಾತ್ರ ಅದನ್ನು ಹೊರಗೆ, ಚಪ್ಪಲಿ ಬಿಡುವ ಜಾಗದ ಗೂಡಿನಲ್ಲಿ ಇಡುತ್ತಿದ್ದಳು. ಮೊದಮೊದಲು ಜೇಬು ಖಾಲಿ ಖಾಲಿ ಅನ್ನಿಸಿ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು.

ಮುಂದಿನ ಹಂಗಾಮಿನಲ್ಲಿ ಉಪ್ಪುನೀರಿನ ತಳಿ ಮತ್ತೆ ಹೂ ಬಿಟ್ಟಿತು. ಈ ಸಲ ಹದಿನಾಲ್ಕು ಕಾಳು ಕಟ್ಟಿತು. ಒಣಗಿಸಿದ ಕಾಳುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ, ನೀರಿದ್ದ ತಟ್ಟೆಯಲ್ಲಿಟ್ಟ ಐದನೆಯ ಬೆಳಿಗ್ಗೆ ಅವಳು ಬಿಚ್ಚಿ ನೋಡಿದರೆ, ಹನ್ನೊಂದರಿಂದ ಬೆಳ್ಳನೆಯ ಬೇರು ಇಣುಕುತ್ತಿತ್ತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದಂತೆ, ಅವಳು ಮೇಷ್ಟ್ರ ಕೋಣೆಯತ್ತ ನಿಧಾನವಾಗಿ ನಡೆದಳು.