ಅವರೆ ಹೊಲಕ್ಕೆ ಬಂದ ಟೀಚರಮ್ಮ

ಟೀಚರಮ್ಮನ ನಾಲಿಗೆಯ ತುದಿ ಯಾವಾಗಲೂ ನೀಲಿ. ಬಣ್ಣದ ಬ್ರಷ್ಷಿನ ಮೊನೆಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸ ಅವರದು. ಮೊದಲ ಸಲ ಆ ನಾಲಿಗೆ ಕಂಡಾಗ ನನ್ನ ಎದೆ ಧಸಕ್ಕೆಂದಿತು. ಹಾವು ಕಚ್ಚಿ ನಾನು ಬದುಕಿ ಬಂದ ಹೊಸತು. ನೀಲಿ ಕಂಡರೆ ವಿಷವೆಂದೇ ತೋರುತ್ತಿತ್ತು.

ಬೂದಿಕೋಟೆ ಹತ್ತಿರದ ನಮ್ಮ ಹೊಲದಲ್ಲಿ ಹಸುವಿಗೆ ಹುಲ್ಲು ಕೊಯ್ಯುವಾಗ ಕಚ್ಚಿತ್ತು. ಗಾಯ ಮಾಗಿದರೂ ಹೆದರಿಕೆ ಮಾಗಲಿಲ್ಲ. ಹಸಿರು ಕಂಡ ಕಡೆ ಕಾಲಿಡುತ್ತಿರಲಿಲ್ಲ. ಅತ್ತೆಯೇ, "ಒಂದಷ್ಟು ದಿನ ನಿಮ್ಮಮ್ಮನ ಮನೆಗೋಗಿ ಇದ್ದು ಬಾಮ್ಮಾ, ಅಸು ನಾನ್ ನೋಡ್ಕತೀನಿ" ಎಂದು ರಾಬರ್ಟ್‌ಸನ್‌ಪೇಟೆಯ ತವರಿಗೆ ಕಳಿಸಿದರು.

ಪಕ್ಕದ ಮನೆಯಲ್ಲಿ ಟೀಚರಮ್ಮ ಒಬ್ಬರೇ ಇದ್ದರು. ಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಬಾಗಿಲಲ್ಲಿ ಮಂಕಾಗಿ ಕೂತಿರುತ್ತಿದ್ದ ನನ್ನನ್ನು ಒಂದು ದಿನ ಕರೆದರು. "ಒಳಗೆ ಬಾ ಕಣ್ಣು. ಸುಮ್ನೆ ಕೂತು ಏನ್ ಮಾಡ್ತೀಯ? ಹೂ ಬರಿ." ಅವರ ಮನೆಮಾತು ತಮಿಳು, ಚಿನ್ನ, ಮರಿ ಅನ್ನುವ ಹಾಗೆ ಎಲ್ಲರನ್ನೂ 'ಕಣ್ಣು' ಅನ್ನುತ್ತಿದ್ದರು.

ಒದ್ದೆ ಕಾಗದಕ್ಕೆ ಬಣ್ಣ ಮುಟ್ಟಿಸಿದರೆ ಅದು ತನ್ನಿಷ್ಟಕ್ಕೆ ಹರಿಯುತ್ತಿತ್ತು. ನಾನು ಗಾಬರಿಯಿಂದ ಒರೆಸಿ ಒರೆಸಿ ಕಾಗದವನ್ನೇ ಹರಿದುಬಿಡುತ್ತಿದ್ದೆ. "ಅದ್ರ ಹಿಂದೆ ಓಡ್ಬೇಡ. ಒಣಗಲಿ, ಆಮೇಲೆ ನೋಡೋಣ" ಎಂದು ಕೈ ಹಿಡಿಯುತ್ತಿದ್ದರು. ಬಿಳಿ ಹೂವಿಗೆ ಬಿಳಿ ಬಣ್ಣ ಕೊಡುತ್ತಿರಲಿಲ್ಲ. ಸುತ್ತ ನೆರಳು ಬಳಿದು ಹೂವಿನ ಜಾಗದಲ್ಲಿ ಕಾಗದವನ್ನು ಹಾಗೇ ಬಿಡಬೇಕು.

ಒಮ್ಮೆ ಬರೆಯಲು ನಮ್ಮ ಹೊಲದ ಅವರೆ ಹೂ ಬೇಕೆಂದರು. ಅತ್ತೆಗೆ ಹೇಳಿ ತರಿಸಿಕೊಟ್ಟೆ.

"ಯಾರು ಕಿತ್ತಿದ್ದು?"

"ಅತ್ತೆ" ಎಂದೆ. ನಾನೇ ಕೀಳಬೇಕೆಂದರು. ಮರುದಿನ ಛತ್ರಿ ಹಿಡಿದು, ನನ್ನನ್ನೂ ಎಳೆದುಕೊಂಡು ಬಸ್ ಹತ್ತಿಯೇಬಿಟ್ಟರು.

ಬದುವಿನ ಮೇಲೆ ಛತ್ರಿಯಿಂದ ನೆಲ ಕುಟ್ಟುತ್ತ ಅವರು ಮುಂದೆ, ಅವರ ಸೆರಗು ಹಿಡಿದು ನಾನು ಹಿಂದೆ. ಅವರೆ ಸಾಲಿನಲ್ಲಿ ಏನೋ ಸರಕ್ಕೆಂದಿತು. ಕಿರುಚಿದ್ದು ನಾನಲ್ಲ, ಅವರು. ಓತಿಕ್ಯಾತವೊಂದು ಬೇಲಿ ಹತ್ತಿ ಹೋಯಿತು. ಟೀಚರಮ್ಮ ಛತ್ರಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರು. ಚಿನ್ನದ ಗಣಿ ಕೆಲಸದವರ ಲೈನ್ ಮನೆಗಳ ಸಾಲಿನಲ್ಲಿ ಹುಟ್ಟಿ ಬೆಳೆದವರು. ಹೊಲಕ್ಕೆ ಕಾಲಿಟ್ಟವರೇ ಅಲ್ಲ.

"ನಿಮ್ಗೂ ಬಯಾನಾ ಟೀಚರಮ್ಮ?"

"ಇಲ್ದೆ ಏನು? ಹಾವು ಅಂದ್ರೆ ಪ್ರಾಣ ಹೋಗುತ್ತೆ ನಂಗೆ. ನೀನ್ ಬೇಗ ಕಿತ್ಕೋ ಕಣ್ಣು, ಹೋಗೋಣ!"

ನಗುವೂ ಬಂತು, ಅಳುವೂ ಬಂತು. ಬಗ್ಗಿ ಕೈ ಹಾಕಿದೆ. ಹೂ ಕೈಗೆ ಬಂತು. ಆ ವಾರವೇ ಊರಿಗೆ ಮರಳಿದೆ. ಅಂದಿನಿಂದ ಹಸುವಿನ ಹುಲ್ಲು ನಾನೇ ಕೊಯ್ಯುವುದು. ಮೊದಲ ಹಿಡಿಗೆ ಕೈ ಹಾಕುವಾಗ ಇವತ್ತಿಗೂ ಎದೆ ಹಾರುತ್ತದೆ.

ಹೋದ ಮಳೆಗಾಲ ಅವರಿಗೆ ಹೃದಯದ ಆಪರೇಷನ್ ಎಂದಾಯಿತು. ಹಿಂದಿನ ಸಂಜೆ ಆಸ್ಪತ್ರೆಯ ಮಂಚದಲ್ಲಿ ಕೂತು ನನ್ನ ಮಣಿಕಟ್ಟು ಬಿಡಲೇ ಇಲ್ಲ.

"ಎಚ್ಚರ ಆಗ್ದೇ ಹೋದ್ರೆ, ಕಣ್ಣು?"

"ನಾನು ಬಾಗ್ಲಾಚೆ ಕೂತಿರ್ತೀನಿ ಟೀಚರಮ್ಮ. ಎಲ್ಲೂ ಓಗಲ್ಲ" ಎಂದೆ.

ಬೆಳಿಗ್ಗೆ ಅವರನ್ನು ಒಳಗೆ ಕರೆದೊಯ್ದರು. ನಾನು ಬಾಗಿಲಲ್ಲೇ ಕೂತೆ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಟೀಚರಮ್ಮ ಉಳಿಯಲಿಲ್ಲ ಎಂದು ಹೇಳಿ ಹೋದರು. ಆಮೇಲೂ ನಾನು ಬಹಳ ಹೊತ್ತು ಏಳಲಿಲ್ಲ. ಎಲ್ಲೂ ಹೋಗಲ್ಲ ಎಂದಿದ್ದೆನಲ್ಲ.